ಪಕ್ಕದ ಖೋಲಿಯ ನರ್ಸಕ್ಕ

ಡೊಂಬಿವಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಮೊನ್ನೆ ಡ್ಯೂಟಿಗೆ ಓಡುತ್ತಿದ್ದಾಗ, ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಹಾಯ್ದ ವಾಸನೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ಕಮಟು... ನಿಂತುಬಿಟ್ಟೆ. ಗಾಡಿ ತಪ್ಪಿತು.

ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಅಕ್ಕನ ಬಟ್ಟೆಗೆ ಇದೇ ವಾಸನೆಯಿತ್ತು. ಕಾರ್ಕಳದ ಕಡೆಯವರು. ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ. ಅದರ ತಿಳಿ ಹಾಕಿದರೆ ಬಿಳಿ ಕೋಟು ಕೆಂಪಗಾಗುತ್ತದೆಂದು, ಕೋಟಿಗಾಗಿಯೇ ಒಂದು ಮುಷ್ಟಿ ಬೆಳ್ತಿಗೆ ಅಕ್ಕಿ ಬೇರೆ ಬೇಯಿಸುತ್ತಿದ್ದಳು. "ನಮಗೆ ಕೆಂಪು, ನಿನ್ನ ಕೋಟಿಗೆ ಬಿಳಿ ಅನ್ನವಾ?" ಎಂದು ಅವಳ ತಾಯಿ ಗೊಣಗುತ್ತಿದ್ದರು. ಕಲ್ಯಾಣದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಕೆಲಸ. ಇಡೀ ಚಾಳು ಅವಳನ್ನು ನರ್ಸಕ್ಕ ಎನ್ನುತ್ತಿತ್ತು. ಯಾರಿಗೆ ಜ್ವರ ಬಂದರೂ ಮೊದಲು ತಟ್ಟುವುದು ಅವಳ ಬಾಗಿಲು.

ಅವಳು ಕಲಿತದ್ದು ಸ್ಟೇಷನ್ ಎದುರಿನ ಒಂದು ಕ್ಲಾಸಿನಲ್ಲಿ, ಆರು ತಿಂಗಳ ಕೋರ್ಸು. ಮೊದಲು ಇದು, ಕೆಲಸ ಹಿಡಿದ ಮೇಲೆ ಮೂರು ವರ್ಷದ ದೊಡ್ಡ ನರ್ಸಿಂಗ್... ಹಾಗೆಂದೇ ನಂಬಿದ್ದಳು. ನಾನು ಹನ್ನೆರಡನೆಯದು ಪಾಸಾದಾಗ ನಮ್ಮ ಅಮ್ಮನದೂ ಅದೇ ಮಾತು. "ನರ್ಸಕ್ಕ ಹೋದ ದಾರಿಯಲ್ಲೇ ಹೋಗು. ಮೂರು ವರ್ಷ ಯಾಕೆ ಕೂತು ಓದುದು?" ನನ್ನ ಕಣ್ಣಲ್ಲೂ ಆ ಬಿಳಿ ಕೋಟೇ ಇತ್ತು.

ಆದರೂ ಒಮ್ಮೆ ಕೇಳಿ ನೋಡೋಣ ಎಂದು ಅಕ್ಕನೇ ಅಮ್ಮನನ್ನೂ ನನ್ನನ್ನೂ ನವಿ ಮುಂಬೈಯ ಒಂದು ನರ್ಸಿಂಗ್ ಶಾಲೆಗೆ ಕರೆದುಕೊಂಡು ಹೋದಳು. ತನ್ನ ಸರ್ಟಿಫಿಕೇಟನ್ನೂ ತಂದಿದ್ದಳು. ಇಷ್ಟು ವರ್ಷದ ಅನುಭವ ನೋಡಿ ನೇರ ಎರಡನೆಯ ವರ್ಷಕ್ಕೆ ಸೇರಿಸಿಕೊಂಡಾರು ಎಂಬ ಆಸೆ. ಕಿಟಕಿಯ ಹಿಂದಿದ್ದ ಗುಮಾಸ್ತ ಕೆಟ್ಟವನಲ್ಲ. ಓದಿ ನೋಡಿ ಮೆಲ್ಲಗೆ ಹೇಳಿದ: "ಮೌಶಿ, ಯೇ ತೋ ಅಟೆಂಡೆಂಟ್ ಕಾ ಹೈ. ಇಧರ್ ನಹೀ ಚಲೇಗಾ." ಅಟೆಂಡೆಂಟ್ ಕೋರ್ಸಿನ ಸರ್ಟಿಫಿಕೇಟು ಇಲ್ಲಿ ನಡೆಯದಂತೆ. ಮೊದಲಿನಿಂದ ಶುರುಮಾಡೋಣವೆಂದರೆ ವಯಸ್ಸು ಮೀರಿತ್ತು. ಆಸ್ಪತ್ರೆಗಳಲ್ಲಿ ಮೌಶಿ ಎಂದು ಕರೆಯುವುದು ಆಯಾಗಳನ್ನು. ಅಕ್ಕನನ್ನು ಯಾರಾದರೂ ಹಾಗೆ ಕರೆದದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಥಾಣೆಯಲ್ಲಿ ಗಾಡಿ ಬದಲಿಸಿದೆವು. ಆಮೇಲೆ ಅಕ್ಕ ಅಮ್ಮನ ಕಡೆ ತಿರುಗಿದಳು. "ಇವಳನ್ನು ಮೂರು ವರ್ಷದ್ದಕ್ಕೇ ಹಾಕಿ ಚಿಕ್ಕಮ್ಮ. ನಂದು ಮೆಟ್ಟಿಲು ಅಂತ ಗ್ರಹಿಸಿದ್ದೆ. ಜಗಲಿ ಅದು. ಕೂತ್ಕೊಳ್ಳಬಹುದು, ಹತ್ಲಿಕ್ಕೆ ಆಗುದಿಲ್ಲ."

ಅಮ್ಮ, "ಇವಳ ಮದುವೆ..." ಎಂದು ರಾಗ ಎಳೆದರು.

"ಗಂಡ ಎಲ್ಲಿಗೂ ಓಡಿಹೋಗುದಿಲ್ಲ, ವಯಸ್ಸು ಓಡ್ತದೆ" ಎಂದು ನಮ್ಮನ್ನು ನಗಿಸಿದಳು. ತಾನು ನಗಲಿಲ್ಲ.

ನಾನು ಹಾಸ್ಟೆಲ್ಲಿಗೆ ಹೋದೆ. ಅಕ್ಕ, ಅವಳ ತಾಯಿ ಚಾಳು ಬಿಟ್ಟು ಟಿಟ್ವಾಳಾಕ್ಕೆ ಹೋದರು. ಮೊದಲ ರಜೆಯಲ್ಲಿ ನೋಡಲು ಹೊರಟಾಗ, ಯೂನಿಫಾರ್ಮಿನಲ್ಲೇ ಬಾ ಎಂದು ಫೋನಿನಲ್ಲಿ ಹಟ ಮಾಡಿದ್ದಳು. ಬಾಗಿಲು ತೆರೆದವಳು ನೋಡುತ್ತ ನಿಂತಳು. ಮತ್ತೆ ಕುರ್ಚಿ ಎಳೆದು, "ಬನ್ನಿ ಸಿಸ್ಟರ್, ಕೂತ್ಕೊಳ್ಳಿ" ಎಂದಳು. ತಮಾಷೆಗೇ ಅಂದದ್ದು. ಆದರೆ ನಾನು ಕೂತ ಮೇಲೂ ಅವಳು ನಿಂತೇ ಇದ್ದಳು, ವಾರ್ಡಿನಲ್ಲಿ ನಿಲ್ಲುವ ಹಾಗೆ... ಕೈ ಹಿಡಿದು ಎಳೆದು ಕೂರಿಸಬೇಕಾಯಿತು.

ನನ್ನ ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಅವಳಿಗೆ ಜಾಂಡಿಸ್ ಆಯಿತು. ಪರೀಕ್ಷೆ ಮುಗಿಯುವವರೆಗೆ ನನಗೆ ಹೇಳಕೂಡದೆಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದಳಂತೆ. ನಾನು ಬಂದಾಗ ಅವಳ ಉತ್ತರಕ್ರಿಯೆ, ಬೊಜ್ಜದ ಊಟವೂ ಮುಗಿದಿತ್ತು.

ಆಮೇಲೆ ಬಿ.ಎಸ್ಸಿ.ಯನ್ನೂ ಮಾಡಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹೆಮ್ಮೆಯಿದೆ, ಬಿಟ್ಟಿ ಬಂದದ್ದಲ್ಲ. ಈಗ ವಾಶಿಯಲ್ಲಿ ಒಂದು ವಾರ್ಡು ನೋಡಿಕೊಳ್ಳುತ್ತೇನೆ. ಆರು ತಿಂಗಳ ಕೋರ್ಸು ಮಾಡಿ ಬಂದ ಹುಡುಗಿಯರು ಅಲ್ಲಿಯೂ ಇದ್ದಾರೆ. ವಯಸ್ಸಿರುವಾಗಲೇ ಮುಂದಕ್ಕೆ ಓದಿ ಎನ್ನುತ್ತೇನೆ. "ಕಾಮ್ ತೋ ಮಿಲಾ ಹೈ ನಾ, ಸಿಸ್ಟರ್" ಎಂದು, ಕೆಲಸ ಸಿಕ್ಕಿದ ಮೇಲೆ ಓದು ಯಾಕೆಂಬಂತೆ ನಗುತ್ತಾರೆ. ನಾನು ಹೇಳಿದರೆ ಅದು ಓದಿದವಳ ಉಪದೇಶ. ಅಕ್ಕ ಹೇಳಿದ್ದರೆ ಕೇಳುತ್ತಿದ್ದರು, ನಾನು ಕೇಳಿದ ಹಾಗೆ.

ಅಕ್ಕ ಇಲ್ಲ.