ನಾಯಿಯ ತವರುಮನೆ

ನನ್ನ ಮಗಳಿಗೆ ಎರೆಯಲು ಬರುತ್ತಿದ್ದ ತಿಮ್ಮವ್ವನ ಅಂಗೈ ಒರಟು. ಆದರೆ ಆ ಕೈಯಲ್ಲಿ ಕೂಸು ಅತ್ತದ್ದು ಕಡಿಮೆ. ಕಾಲು ಚಾಚಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು, ಬಿಸಿನೀರು ಹೊಯ್ಯುತ್ತಲೇ ಮಸ್ಕಿಯ ನಮ್ಮ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುವಳು. ಆಕೆಯ ಸೊಂಟದ ದಾರದಲ್ಲಿ ಒಂದು ಕೀಲಿಕೈ ಇತ್ತು. ಕೂಸಿಗೆ ತಾಗದಿರಲೆಂದು ಎರೆಯುವಾಗ ಅದನ್ನು ಬೆನ್ನ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು.

೧೯೯೭ರ ಜನವರಿಯಲ್ಲಿ ಸಂತೆಕಲ್ಲೂರಿನ ದಾರಿಯಲ್ಲಿರುವ ಬೂದಿದಿಬ್ಬ ಅಗೆಯಲು ದೂರದ ವಿಶ್ವವಿದ್ಯಾಲಯದ ಸರ್ ಒಬ್ಬರು ಬಂದರು. ಮೂರು ಸಾವಿರ ವರ್ಷಕ್ಕೂ ಹಿಂದೆ ದನ ಕಟ್ಟಿ ಬದುಕಿದವರ ಸಗಣಿಬೂದಿಯಂತೆ ಅದು. ತಿಮ್ಮವ್ವ ಅಲ್ಲಿಯವರೆಗೆ ಜವಳಗೇರಾದ ಕಾಲುವೆ ಸೀಮೆಗೆ ನೆಲ್ಲು ನಾಟಿಗೆ ಹೋಗುತ್ತಿದ್ದವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಐವತ್ತು ದಾಟಿದ ಮೇಲೆ ಸೊಂಟ ಹಿಡಿದುಕೊಂಡು, ಕೆಸರಿನಲ್ಲಿ ಬಗ್ಗಿದರೆ ಏಳಲು ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ದಿಬ್ಬದ ಮಣ್ಣು ಹೊರುವ ಕೆಲಸಕ್ಕೆ ಸೇರಿದಳು. ಉಳಿದವರು ಎಲುಬಿನ ಚೂರನ್ನು ಕಲ್ಲೆಂದು ಚೆಲ್ಲುತ್ತಿದ್ದರೆ ಈಕೆ ಮನೆಯಿಂದ ಮೊರ ತಂದು, ತೊಗರಿಬೇಳೆಯ ಹರಳು ಆರಿಸುವಂತೆ ಎಲುಬು ಬೇರೆ, ಕಲ್ಲು ಬೇರೆ ಮಾಡಿದಳು. ಅನುಮಾನ ಬಂದರೆ ನಾಲಿಗೆಗೆ ಹಚ್ಚಿ ನೋಡುವಳು. ಹಳೆಯ ಎಲುಬು ನಾಲಿಗೆಗೆ ಅಂಟುತ್ತದೆ, ಕಲ್ಲು ಅಂಟುವುದಿಲ್ಲ. ಅದನ್ನು ಕಲಿಸಿದ್ದು ಸರ್ ಅವರೇ. ವಾರದೊಳಗೆ ಅವರೇ ತಮ್ಮ ಅನುಮಾನದ ಚೂರುಗಳನ್ನು ಈಕೆಯ ಮೊರಕ್ಕೆ ಹಾಕತೊಡಗಿದರು.

ಎಲುಬು ತೊಳೆದು, ಒಣಗಿಸಿ, ಚೀಟಿ ಹಚ್ಚಿದ ಚೀಲದಲ್ಲಿಟ್ಟು ಕಾಯುವ ಕೆಲಸ ಆಕೆಗೇ ಬಂತು. ಚೀಲಗಳನ್ನಿಡುವ ತಗಡಿನ ಶೆಡ್ಡಿನ ಕೀಲಿಕೈಯೂ ಬಂತು. ಅಗೆತ ನಿಂತ ತಿಂಗಳುಗಳಲ್ಲೂ ಕಾವಲಿನ ಪಗಾರ, ಅದೂ ಕೂತು ಮಾಡುವ ಕೆಲಸ. ಆಕೆ ಸಾಕಿದ ಕೆಂಪಿ ಎಂಬ ನಾಯಿಯೂ ಹಿಂದೆಯೇ ಹೋಗಿ ಶೆಡ್ಡಿನ ಬಾಗಿಲಲ್ಲಿ ಬಿದ್ದಿರುತ್ತಿತ್ತು.

ಮರುವರ್ಷ ಮಾರ್ಚಿನಲ್ಲಿ ಒಂದು ಸುದ್ದಿ ಬಂತು. ಹಿಂದಿನ ವರ್ಷ ದಿಬ್ಬದಲ್ಲಿ ಸಿಕ್ಕಿದ್ದ, ಮೂರು ಹಲ್ಲುಳ್ಳ ನಾಯಿಯ ಕೆಳದವಡೆಯನ್ನು ಒಯ್ಯಲು ಒಬ್ಬ ಮೇಡಂ ಬರುತ್ತಾರಂತೆ. ಹಳೆಯ ಹಲ್ಲಿನೊಳಗೆ ಡಿ.ಎನ್.ಎ. ಉಳಿದಿದ್ದರೆ, ತಾಯಿಯಿಂದ ಮರಿಗೆ ಬರುವ ಗುರುತು ಅದರಲ್ಲಿ ಸಿಗುತ್ತದಂತೆ. ಅದನ್ನು ತೋಳಗಳ, ಬೇರೆ ದೇಶದ ನಾಯಿಗಳ ಗುರುತಿನ ಜೊತೆ ಹೊಂದಿಸಿ ನೋಡಿ, ನಾಯಿ ಮೊದಲು ಎಲ್ಲಿ ಮನುಷ್ಯರ ಅಂಗಳಕ್ಕೆ ಬಂತು ಎಂದು ಹುಡುಕುವರಂತೆ.

"ನಾಯಿಗೂ ತವರುಮನಿ ಹುಡುಕಾಕತ್ಯಾರ ನೋಡು," ಎಂದು ತಿಮ್ಮವ್ವ ನಕ್ಕಿದ್ದಳು. "ನನ್ನ ತವರಿನ್ಯಾಗ ಈಗ ನನ್ನ ಗುರುತು ಹಿಡಿಯೋರಿಲ್ಲ."

ಮೇಡಂ ಬರುವ ಹಿಂದಿನ ದಿನ ಎರೆಯುತ್ತಿದ್ದವಳ ಕೈ ನಡುವೆಯೇ ನಿಂತಿತು.

"ತಂಗಿ, ಒಂದು ಮಾತು. ಆ ದವಡಿ ಕೆಂಪಿ ಬಾಯಾಗ ಹೋಗಿ ಬಂದೈತಿ."

ನನಗೆ ತಿಳಿಯಲಿಲ್ಲ. ಆಕೆ ಕೂಸಿನ ಬೆನ್ನು ತಿಕ್ಕುತ್ತಲೇ ಹೇಳಿದಳು. ಹೋದ ವರ್ಷ ದವಡೆಯನ್ನು ತೊಳೆದು ಗೋಣಿತಟ್ಟಿನ ಮೇಲೆ ಒಣಹಾಕಿ ಒಳಗೆ ರೊಟ್ಟಿ ತಿನ್ನಲು ಕೂತಿದ್ದಳು. ಹೊರಬಂದರೆ ದವಡೆ ಇಲ್ಲ, ಕೆಂಪಿಯೂ ಇಲ್ಲ. ಜಾಲಿಗಿಡದ ಕೆಳಗೆ ಅದು ಮುಂಗಾಲಲ್ಲಿ ಒತ್ತಿ ಹಿಡಿದು ನೆಕ್ಕುತ್ತ, ಕಚ್ಚುತ್ತ ಮಲಗಿತ್ತು. ಕಸಿದುಕೊಂಡು ಬಂದು, ಮತ್ತೆ ತೊಳೆದು, ಒಣಗಿಸಿ, ಚೀಲಕ್ಕೆ ಹಾಕಿದಳು. ಯಾರಿಗೂ ಹೇಳಿರಲಿಲ್ಲ.

"ತೊಳದೀಯಲ್ಲಬೇ. ಮತ್ತೇನು? ಸುಮ್ಮನಿರು," ಎಂದೆ. "ಹೇಳಿದರ ಕೀಲಿಕೈ ಇಸಗೊಂತಾರ. ಮತ್ತ ಜವಳಗೇರಾದ ಕೆಸರಿಗೆ ಇಳಿತೀಯೇನು, ಈ ಸೊಂಟ ಇಟಗೊಂಡು?"

"ಅದಕ್ಕ ಅಲ್ಲೇನು ಒಂದು ವರ್ಷ ಬಾಯಿ ಮುಚಗೊಂಡಿದ್ದು." ಕೂಸನ್ನು ಮಗುಚಿ ಮಲಗಿಸಿದಳು. "ಹೋದ ತಿಂಗಳು ಇದಕ್ಕ ಭೇದಿ ಹತ್ತಿದಾಗ ಲಿಂಗಸುಗೂರಿನ ಡಾಕ್ಟರಿಗೆ ಏನು ಹೇಳಿದಿ?"

ಡಾಕ್ಟರಿಗೆ ನಾನು ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ ಎಂದಿದ್ದೆ. ಅತ್ತೆಗೆ ಕಾಣದಂತೆ ಆಕಳ ಹಾಲು ಹಾಕಿದ್ದನ್ನು ಹೇಳಿರಲಿಲ್ಲ. ಕೊಟ್ಟ ಔಷಧಿ ನಾಟಲಿಲ್ಲ. ನಾಲ್ಕನೇ ದಿನ ಸೋತುಹೋದ ಕೂಸನ್ನು ಎತ್ತಿಕೊಂಡು ಮತ್ತೆ ಬಸ್ಸು ಹತ್ತಿ, ನಿಜ ಹೇಳಿ ಬಂದಿದ್ದೆ.

"ನೀ ಲಿಂಗಸುಗೂರಿಗೆ ಎರಡು ಸಲ ಹೋದಿ. ಆ ಮೇಡಂ ದವಡಿನ್ನ ಪರದೇಶಕ್ಕ ಕಳಸ್ತಾಳ, ನಿಜ ಹೇಳಾಕ ನಾ ಅಲ್ಲಿಗೆ ಹೆಂಗ ಹೋಗಲಿ?" ಎಂದಳು ತಿಮ್ಮವ್ವ. "ನಾಳೆ ನೀನೂ ಬಾ."

ಮರುದಿನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ಹೋದೆ. ಮೇಡಂ ಕೈಗವಸು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಸರ್ ಚೀಲ ಮುಂದಿಟ್ಟು, ಇದು ತಿಮ್ಮವ್ವನ ಕೈಯಲ್ಲಿದ್ದದ್ದು, ಒಂದು ಚೂರೂ ಆಚೀಚೆ ಆಗಿಲ್ಲ ಎಂದು ಅಭಿಮಾನದಿಂದ ಹೇಳಿದರು.

"ಆಗೈತ್ರೀ," ಎಂದಳು ತಿಮ್ಮವ್ವ.

ನಿನ್ನೆ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು. ಸರ್ ಮುಖ ಕಪ್ಪಿಟ್ಟಿತು.

"ಒಂದು ವರ್ಷ. ಒಂದು ವರ್ಷ ಯಾಕ ಹೇಳಲಿಲ್ಲ ನೀನು?"

"ಹೇಳಿದ್ದರ ಅವತ್ತೇ ಕೀಲಿಕೈ ಇಸಗೊಂತಿದ್ರಿ."

"ಈಗ ಇಸಗೊಳ್ಳಂಗಿಲ್ಲ ಅಂತ ತಿಳದಿಯೇನು?"

ಆಕೆ ಸೊಂಟದ ದಾರ ಬಿಚ್ಚಿ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. ಸರ್ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಮೇಡಂ ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು. ಹಿಂದಿಯಲ್ಲಿ ಕೇಳಿದರು: ಆ ನಾಯಿ ಬದುಕಿದೆಯೇ? ದವಡೆಗೆ ಬಾಯಿ ಹಾಕಿದ್ದು ಅದೊಂದೇ ನಾಯಿಯೇ? ನಮ್ಮ ಓಣಿಯ ಶಂಶಾದ್‌ಬೀ ಜೊತೆ ನೀರಿನ ಸಾಲಿನಲ್ಲಿ ದಿನವೂ ಜಗಳಾಡುವ ತಿಮ್ಮವ್ವನಿಗೆ ಅಷ್ಟು ಹಿಂದಿ ಕಷ್ಟವಾಗಲಿಲ್ಲ.

"ಅಲ್ಲೇ ಬಾಗಿಲಾಗ ಬಿದ್ದೈತ್ರೀ. ಅದೊಂದೇ."

ರೊಟ್ಟಿ ತೋರಿಸಿ ಕೆಂಪಿಯನ್ನು ಹಿಡಿದಳು. ಮೇಡಂ ಬೇರುಸಹಿತ ಏಳೆಂಟು ಕೂದಲು ಕಿತ್ತು ಲಕೋಟೆಯಲ್ಲಿಟ್ಟರು. ದವಡೆಯ ಜೊತೆ ಅವೂ ಹೋದವು.

ಆ ಮಳೆಗಾಲದಲ್ಲಿ ತಿಮ್ಮವ್ವ ಜವಳಗೇರಾಕ್ಕೆ ಹೋದಳು. ಎರಡು ತಿಂಗಳು ಕೂಸಿಗೆ ನಾನೇ ಎರೆದೆ, ದಿನವೂ ಅಳಿಸಿದೆ. ತಿರುಗಿ ಬಂದಾಗ ಆಕೆಯ ಕಾಲ್ಬೆರಳ ಸಂದಿಯೆಲ್ಲ ಕೆಸರುಹುಣ್ಣು, ನಡೆಯುವಾಗ ಒಂದು ಕೈ ಗೋಡೆಯ ಮೇಲೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ನುಂಗಿಕೊಂಡು ಹುಣ್ಣಿಗೆ ಕೊಬ್ಬರಿಎಣ್ಣೆ, ಅರಿಷಿಣ ಹಚ್ಚಿದೆ.

೧೯೯೯ರ ಜನವರಿಯಲ್ಲಿ ಸರ್ ಆಕೆಯ ಮನೆ ಹುಡುಕಿಕೊಂಡು ನಮ್ಮ ಓಣಿಗೆ ಬಂದರು. ಕೈಯಲ್ಲಿ ಮೇಡಂ ಬರೆದ ಕಾಗದವಿತ್ತು. ನಮ್ಮ ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ಒಂದು ಹಲ್ಲಿನಿಂದ ನಾಯಿಯ ಡಿ.ಎನ್.ಎ. ಚೆನ್ನಾಗಿ ಬಂತಂತೆ. ಎಲ್ಲರೂ ಹಿಗ್ಗುವಷ್ಟು ಚೆನ್ನಾಗಿ. ಆಮೇಲೆ ಕೆಂಪಿಯ ಕೂದಲಿನ ಜೊತೆ ಇಟ್ಟು ನೋಡಿದರೆ ಎರಡೂ ಒಂದೇ, ಹಲ್ಲಿನಲ್ಲಿ ಸಿಕ್ಕಿದ್ದು ಕೆಂಪಿಯ ಎಂಜಲು.

"ಕೂದಲು ಇರದಿದ್ದರ ನಿನ್ನ ಕೆಂಪಿನ್ನ ಮೂರು ಸಾವಿರ ವರ್ಷದ ನಾಯಿ ಅಂತ ಬರದುಬಿಡ್ತಿದ್ವಿ," ಎಂದರು ಸರ್. "ಅದರ ಕೆಳಗ ನನ್ನ ಹೆಸರು ಇರತಿತ್ತು."

ತಿಮ್ಮವ್ವ ನಗಲಿಲ್ಲ. "ಹಂಗಾರ ಆ ಹಳೇ ನಾಯೀದು? ಉಳಿದೆರಡು ಹಲ್ಲಿನ್ಯಾಗ?"

"ಏನೂ ಸಿಗಲಿಲ್ಲ. ನಮ್ಮ ಸೀಮೀ ಬಿಸಲಿಗೆ ಉಳದಿಲ್ಲ ಕಾಣತೈತಿ."

ಆಕೆ ಕೇಳಿದಳು, "ಆಳದಾಗಿಂದ ತಗದಿದ್ದನ್ನ ತೊಳೀದ, ಬಿಸಲಿಗೆ ಹಾಕದ, ಹಂಗ ಕಾಗದದಾಗ ಸುತ್ತಿಟ್ಟರ?"

ಮೇಡಂ ಕೂಡ ಅದನ್ನೇ ಬರೆದಿದ್ದಾರೆ ಎನ್ನುತ್ತ ಸರ್ ಜೇಬಿನಿಂದ ಕೀಲಿಕೈ ತೆಗೆದರು. ಕೊಡುವ ಮೊದಲು, "ಕೆಂಪಿನ್ನ ಕಟ್ಟಬೇಕು," ಎಂದರು.

"ಕಟ್ಟತೀನ್ರೀ. ನೀವೂ ಹುಡುಗರಿಗೆ ಎಲುಬು ನೆಕ್ಕಾಕ ಕಲಿಸೋದು ಬಿಡ್ರಿ."

ಸರ್ ತಲೆ ಕೆರೆದುಕೊಂಡರು.

ಮರುದಿನ ಮುಂಜಾನೆ ಎರೆಯಲು ಕೂತಾಗ ನನ್ನ ಮಗಳು, ಈಗ ನಡೆಯುವವಳು, ತಿಮ್ಮವ್ವನ ಬೆನ್ನ ಹಿಂದೆ ಹೋಗಿ ಕೀಲಿಕೈ ಹಿಡಿದು ಬಾಯಿಗೆ ಹಾಕಿಕೊಂಡಳು. ಆಕೆ ಮೆಲ್ಲಗೆ ಬಿಡಿಸಿಕೊಂಡು, ಸೆರಗಿನಿಂದ ಒರೆಸಿ, "ಬ್ಯಾಡ ನನ್ನವ್ವ," ಎಂದಳು. "ನಾಳೆ ಇದನ್ನೂ ಆ ಮೇಡಂ ಒಯ್ದರ, ಕೀಲಿಕೈಗೆ ನಿಮ್ಮವ್ವನ ತವರುಮನಿ ಹಚ್ಚತಾಳ."