ಮಡಿವಂತ ರೂಟರು

ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ದೇವರ ಪಟವೂ ಅಲ್ಲ, ನಮ್ಮ ಮದುವೆಯ ಫೋಟೋವೂ ಅಲ್ಲ. ಹಜಾರದ ನಡುವೆ ಎದೆಯೆತ್ತರಕ್ಕೆ ನಿಂತಿರುವ ಒಂದು ಕರಿಯ ಪ್ಲಾಸ್ಟಿಕ್ ಡ್ರಮ್ಮು. ಅಮೃತಹಳ್ಳಿಯ ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ, ಅದೂ ಬೆಳಕು ಹರಿಯುವ ಹೊತ್ತಿಗೆ ಬರುವುದರಿಂದ, ಅಂಗಳದ ನಲ್ಲಿಗೆ ಸಿಕ್ಕಿಸಿದ ಪೈಪು ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ಡ್ರಮ್ಮು ಬಂದು ಕೂತಿದೆ. ಪೈಪು ಇನ್ನೆರಡು ಮಾರು ಉದ್ದವಿದ್ದಿದ್ದರೆ ಡ್ರಮ್ಮು ಬಚ್ಚಲ ಬಾಗಿಲಲ್ಲಿರುತ್ತಿತ್ತು, ನಿಮಗೆ ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಅದರ ಹಿಂದೆ ಗೋಡೆಗೆ ಒತ್ತಿಕೊಂಡ ಸ್ಟೂಲಿನ ಮೇಲೆ, ವೈರುಗಳ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು, ಸೀಮಂತಕ್ಕೆ ಕೂರಿಸಿದ ಹೆಣ್ಣಿನಂತೆ ನಮ್ಮ ಇಂಟರ್ನೆಟ್ಟಿನ ರೂಟರು ಕೂತಿರುತ್ತಿತ್ತು. ನೆಂಟರಿಷ್ಟರ ದೃಷ್ಟಿಗೆ ಆ ವೈರುಗಳು ಬೀಳದಿರಲೆಂದು ಅದನ್ನು ಡ್ರಮ್ಮಿನ ಮರೆಗೆ ಸೇರಿಸಿದ ಜಾಣತನ ಪೂರ್ತಿ ನನ್ನದೇ.

ನನ್ನ ಹೆಂಡತಿ ಸುಧಾ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ಹೊಸತರಲ್ಲಿ ಅವಳು ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ತಿದ್ದಲು ಮಕ್ಕಳಿಲ್ಲದೆ ಅವಳು ನನ್ನ ಉಚ್ಚಾರಣೆಯನ್ನೇ ತಿದ್ದತೊಡಗಿದ ಮೇಲೆ ಸಂಕಟ ಇಮ್ಮಡಿಯಾಯಿತು. ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ತಣಿಸಂದ್ರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ, ಲಿಫ್ಟಿನಲ್ಲಿ ಎದುರಾದವರೊಡನೆ ನಾಲ್ಕು ಮಾತು ಕನ್ನಡದಲ್ಲಿ ಆಡಬೇಕೆಂಬ ಆಸೆಯುಳ್ಳ ಒಂದಷ್ಟು ಮಂದಿ ಅವಳಿಗೆ ಸಿಕ್ಕರು. ದಿನವೂ ಬೆಳಗ್ಗೆ, ಅವರೆಲ್ಲ ಆಫೀಸಿಗೆ ಓಡುವ ಮುನ್ನ, ಸುಧಾ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇಸ್ತ್ರಿ ಸೀರೆ ಉಟ್ಟು ಕೂರುತ್ತಿದ್ದಳು, ಮತ್ತು ಅವಳ ಮುಖಕ್ಕೆ ಹಳೆಯ ಕಳೆ ಮರಳಿ ಬಂದಿತ್ತು. ಆ ತರಗತಿಯೆಂದರೆ ಅವಳಿಗೆ ಪ್ರಾಣ, ಅವಳು ಖುಷಿಯಾಗಿದ್ದರೆ ನನಗೆ ಅದೇ ಹಬ್ಬ.

ಆದರೆ ನೆಟ್ ಎಂಬುದು ಒಂದು ದಿನ ಸರಾಗವಾಗಿದ್ದರೆ ಮರುದಿನ ಕೈಕೊಡುತ್ತಿತ್ತು. ಶಿಷ್ಯರೆಲ್ಲ ಬಾಯಿ ತೆರೆದಂತೆಯೇ ಪರದೆಯ ಮೇಲೆ ಕಲ್ಲಾಗುತ್ತಿದ್ದರು. ನಾನು ಮನೆಯ ಸ್ವಯಂಘೋಷಿತ ಎಂಜಿನಿಯರನಾದ್ದರಿಂದ ರೂಟರಿನ ಕೊಂಬುಗಳನ್ನು ಒಮ್ಮೆ ಯಲಹಂಕದ ಕಡೆಗೆ, ಒಮ್ಮೆ ಹೆಬ್ಬಾಳದ ಕಡೆಗೆ ತಿರುಗಿಸಿ ನೋಡಿದೆ, ವೈರು ಬದಲಿಸಿದೆ, ಧೂಳು ಊದಿದೆ, ಯಾರೂ ನೋಡದಾಗ ಎರಡೇಟು ತಟ್ಟಿದ್ದೂ ಉಂಟು. ಕಂಪನಿಗೆ ಫೋನು ಮಾಡಿದರೆ ಆ ಕಡೆಯ ಮಧುರಕಂಠ, "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ ಸರ್?" ಎಂದು ಕೇಳುತ್ತಿತ್ತು. ಯೋಚಿಸಿ ನೋಡಿ, ಈ ಒಂದು ಪ್ರಶ್ನೆಯಲ್ಲಿ ಎಂಥ ವೇದಾಂತವಿದೆ! ನಿದ್ದೆಯೆಂಬುದೂ ಒಂದು ಆಫ್, ಎಚ್ಚರವೆಂಬುದು ಆನ್. ಪುನರ್ಜನ್ಮವನ್ನು ನಂಬುವ ನಾಡಿನಲ್ಲಿ ಇದಕ್ಕಿಂತ ಹಿತವಾದ ಚಿಕಿತ್ಸೆ ಇನ್ನಾವುದಿದ್ದೀತು! ನಾನಂತೂ ಶ್ರದ್ಧೆಯಿಂದ ರೂಟರಿಗೆ ಜನ್ಮಾಂತರಗಳನ್ನು ಕರುಣಿಸಿದೆ, ಅದು ಪ್ರತಿ ಜನ್ಮದಲ್ಲೂ ಹಾಗೆಯೇ ಇತ್ತು.

ನನ್ನ ಸಂಶಯ ಪಕ್ಕದ ಮನೆಯ ಮುನಿಯಮ್ಮನವರ ಮೇಲೆ ತಿರುಗಿತು. ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಹಿರಿಯ ಜೀವ; ರೂಟರಿನ ಗೋಡೆಯ ಆಚೆಗೇ ಅವರ ಮಂಚ, ನಾವೇ ಪಾಸ್‌ವರ್ಡ್ ಕೊಟ್ಟಿದ್ದೆವು. "ನಿಮ್ಮಲ್ಲಿ ನೆಟ್ ಹೇಗಿದೆ?" ಎಂದು ಕೇಳಿದೆ. "ಒಂದಿನಾನೂ ನಿಂತಿಲ್ಲ ಕಣಪ್ಪ, ಎದ್ ತಕ್ಷಣ ಸೀರಿಯಲ್ ಆಕ್ಕೊಂಡ್ರೆ ಇಂಗೆ ಸಲೀಸಾಗ್ ಓಯ್ತಾ ಇರ್ತದೆ," ಎಂದು ಅವರು ಕೈಯಾಡಿಸಿ ತೋರಿಸಿದಾಗ ನನಗೆ ಹೊಟ್ಟೆ ಉರಿಯಿತು. ನಮ್ಮ ಪಾಲಿನ ನೆಟ್ಟನ್ನೆಲ್ಲ ಈ ಮಹಾತಾಯಿ ಕೊಡಕ್ಕೆ ತುಂಬಿಕೊಳ್ಳುತ್ತಿದ್ದಾರೆಯೇ ಎಂದು ಯೋಚಿಸುತ್ತ, ಒಂದು ಬೆಳಗ್ಗೆ ನೆಟ್ ಸತ್ತಾಗ, ಸುಧಾಳ ಮುಖ ನೋಡಲಾರದೆ, ಆಗಷ್ಟೇ ತುಂಬಿದ್ದ ಡ್ರಮ್ಮಿನಿಂದ ಬಕೆಟ್ಟುಗಟ್ಟಲೆ ನೀರು ಹೊತ್ತು ಬಚ್ಚಲು ಸೇರಿ ತಲೆಗೆ ಸುರಿದುಕೊಂಡೆ. ಹೊರಗೆ ಬಂದಾಗ ಒಳಕೋಣೆಯಿಂದ ಶಿಷ್ಯರ ಕಲರವ ಕೇಳಿಸುತ್ತಿತ್ತು.

ಇನ್ನೆರಡು ಸಲ ಹೀಗೆಯೇ ಆದ ಮೇಲೆ ಗುಟ್ಟು ರಟ್ಟಾಯಿತು: ನಮ್ಮ ರೂಟರು ಮಹಾ ಮಡಿವಂತ. ಮೈಲಿಗೆಯ ಗಂಡಸು ಮನೆಯಲ್ಲಿ ಓಡಾಡುತ್ತಿದ್ದರೆ ಅದಕ್ಕೆ ಆಗಿಬರುವುದಿಲ್ಲ, ಸ್ನಾನವಾದರೆ ಪ್ರಸನ್ನ. ನಗಬೇಡಿ. ಕಣ್ಣಿಗೆ ಕಾಣದ ಅಲೆಗಳು ಗೋಡೆ ತೂರಿ ಬರುತ್ತವೆಂದು ನಂಬಿದವರಿಗೆ ಅದರ ಜೊತೆ ಇನ್ನೊಂದಿಷ್ಟು ನಂಬುವುದೇನೂ ಕಷ್ಟವಲ್ಲ. ಕಷ್ಟವಾದದ್ದು ನನ್ನ ದೇಹಕ್ಕೆ. ಪೇಪರು, ಎರಡು ಸಲದ ಕಾಫಿ, ಮತ್ತೊಮ್ಮೆ ಪೇಪರು, ಆಮೇಲೆ ಮಧ್ಯಾಹ್ನದ ಹೊತ್ತಿಗೆ ಮನಸ್ಸಾದರೆ ಸ್ನಾನ ಎಂಬ ಸುಖಜೀವಿ ನಾನು. ಈಗ ಪರದೆ ಕೊಂಚ ತಡವರಿಸಿದರೂ ಸಾಕು, ಪಾಠದ ನಡುವೆಯೇ ಸುಧಾ ಕತ್ತು ಹೊರಳಿಸಿ, "ರೀ, ಸ್ನಾನ ಆಯ್ತಾ?" ಎಂದು ಕೂಗುತ್ತಿದ್ದಳು. ನಾನು ಚಳಿಯಲ್ಲಿ ನಡುಗುತ್ತ, ಕನ್ನಡದ ಸೇವೆಗಾಗಿ ತಣ್ಣೀರು ಹೊಯ್ದುಕೊಳ್ಳುತ್ತಿದ್ದೆ.

ಹೀಗಿರುವಾಗ ತರಗತಿಯ ಕೊನೆಯ ದಿನ ಬಂತು. ಶಿಷ್ಯರೊಬ್ಬೊಬ್ಬರೂ ತಮಗೆ ತೋಚಿದ್ದನ್ನು ಕನ್ನಡದಲ್ಲಿ ಮಾತನಾಡುವುದು, ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೂ ಕೂತು ಕೇಳಿ ಸೇರಬೇಕೋ ಬೇಡವೋ ನಿರ್ಧರಿಸುವುದು ಎಂದು ಏರ್ಪಾಟಾಗಿತ್ತು. ಹಿಂದಿನ ಸಂಜೆ ಸುಧಾ ನಿಧಾನವಾಗಿ ಹೇಳಿದಳು: "ನಾಳೆ ಕೈಕೊಟ್ರೆ, ಮುಂದಿನ್ ಕ್ಲಾಸು ಮಾಡಿದ್ರೆ ಚಿಕ್ಕಬಾಣಾವರದಲ್ಲಿ ಅಕ್ಕನ ಮನೇಲೇ ಮಾಡ್ತೀನಿ ಕಣ್ರೀ. ವಾರವೆಲ್ಲ ಅಲ್ಲಿದ್ದು ಭಾನುವಾರ ಬರ್ತೀನಿ." ಅವಳಿಲ್ಲದ ಮನೆಯಲ್ಲಿ ಯಾರು ನನ್ನ ಉಚ್ಚಾರಣೆ ತಿದ್ದುತ್ತಾರೆ? ನನಗೆ ಅಂಥ ಮನೆ ಬೇಡವೇ ಬೇಡ.

ಮರುದಿನ ನೀರಿನ ದಿನ. ತರಗತಿ ಶುರುವಾಗುವ ಮೊದಲೇ ನಾನು ಬಚ್ಚಲು ಸೇರಿ ಶುದ್ಧನಾಗಿ ಬಂದೆ. ಪರದೆಯ ಮೇಲೆ ಶಿಷ್ಯರೆಲ್ಲ ಕಲ್ಲಾಗಿದ್ದರು. ಮತ್ತೆ ಹೋಗಿ ಇನ್ನೊಮ್ಮೆ ಮಿಂದು ಬಂದೆ, ಯಾರೂ ಅಲುಗಲಿಲ್ಲ. ಸುಧಾಳ ಕಣ್ಣಲ್ಲಿ ನೀರು ತುಂಬಿತ್ತು. ಒದ್ದೆ ಟವೆಲ್ಲಿನಲ್ಲಿ ಮೂರನೆಯ ಸುತ್ತಿಗೆ ಬಕೆಟ್ ಹಿಡಿದು ಡ್ರಮ್ಮಿನ ಮುಂದೆ ನಿಂತಾಗ ಕಂಡೆ: ಇಷ್ಟು ತೆಗೆದರೂ ನೀರು ಅಂಚಿನವರೆಗೆ ತುಳುಕುತ್ತಿತ್ತು. ಗಡಿಬಿಡಿಯಲ್ಲಿ ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದೆ. ನಾನು ಖಾಲಿ ಮಾಡಿದಷ್ಟೂ ಅದು ತುಂಬಿಕೊಳ್ಳುತ್ತಿತ್ತು. ಈಚೆಗೆ ಒಳಕೋಣೆ, ಆಚೆಗೆ ರೂಟರು, ನಡುವೆ ಕೋಟೆಗೋಡೆಯಂತೆ ನೀರು! ಗೋಡೆಗೆ ಜಗ್ಗದ ಅಲೆ ನೀರಿಗೆ ಸೋತಿತ್ತು. ಇಷ್ಟು ದಿನ ನೆಟ್ಟನ್ನು ಕರೆತಂದದ್ದು ನನ್ನ ಮಡಿಯಲ್ಲ, ನಾನು ಮೈಮೇಲೆ ಸುರಿದುಕೊಂಡು ಇಳಿಸಿದ ನೀರು.

ಚೆಲ್ಲೋಣವೆಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ನಲ್ಲಿ ನಿಲ್ಲಿಸಿ, ಟವೆಲ್ ಬಿಗಿಹಿಡಿದು, ಕಾಂಪೌಂಡಿನಾಚೆಗೆ ಕೂಗಿದೆ: "ಮುನಿಯಮ್ಮ, ನೀರು ಬೇಕಾ?" ಅವರ ಮನೆ ನಮಗಿಂತ ಕೊಂಚ ಎತ್ತರದಲ್ಲಿರುವುದರಿಂದ ನಲ್ಲಿಯಲ್ಲಿ ನೀರು ಏರುವುದೇ ಇಲ್ಲ. "ಬ್ಯಾಡ ಅಂತಾರೇನಪ್ಪ ಯಾರಾನ?" ಎನ್ನುತ್ತಾ ಎರಡು ಕೊಡ ಹಿಡಿದು, ಸೊಸೆಯನ್ನೂ ಕರೆದುಕೊಂಡು ಬಂದರು. ಅವರು ಮೊಗೆದು ಹೊತ್ತು, ಸುರಿದು ಬಂದು, ಮತ್ತೆ ಮೊಗೆದರು. ಸ್ಟೂಲಿನ ಮಟ್ಟಕ್ಕೆ ನೀರು ಇಳಿದಿತ್ತೋ ಇಲ್ಲವೋ, ಒಳಗೆ ಸುಧಾಳ ದನಿ ಕೇಳಿತು: "ಹಾಂ, ಈಗ ಕೇಳಿಸ್ತಿದೆ! ಅಭಿಷೇಕ್, ನೀವೇ ಶುರು ಮಾಡಿ. ಏನಾದ್ರೂ ಮಾತಾಡಿ, ತಪ್ಪಾದ್ರೂ ಪರವಾಗಿಲ್ಲ."

ಅಭಿಷೇಕ್ ಎಂಬಾತ ಉತ್ತರ ಭಾರತದ ಕಡೆಯ ತರುಣ, ಮಹಾ ಸಂಕೋಚದವನು. ನಾನೂ ಮುನಿಯಮ್ಮನವರೂ ಬಾಗಿಲಲ್ಲಿ ಇಣುಕಿದೆವು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿರಬೇಕು, ಅವನು ತಲೆ ಕೆರೆದ, ಮೇಲೆ ನೋಡಿದ, ಒದ್ದೆ ಟವೆಲ್ಲಿನಲ್ಲಿದ್ದ ನನ್ನನ್ನು ಪರದೆಯಲ್ಲಿ ಕಂಡ. ಅವನ ಮುಖ ಅರಳಿತು. ಒಂದು ಅಕ್ಷರವೂ ತಪ್ಪದಂತೆ, ಸುಧಾಳದೇ ಏರಿಳಿತದಲ್ಲಿ, ಅವನು ಕೇಳಿಯೇಬಿಟ್ಟ:

"ರೀ, ಸ್ನಾನ ಆಯ್ತಾ?"

ಮುನಿಯಮ್ಮ ಕೊಡ ಕೆಳಗಿಟ್ಟು, "ಎಲಾ ಇವ್ನಾ! ನಮ್ಮೋನೇ ಆಗೋದ್ನಲ್ಲಪ್ಪ!" ಎಂದು ನಕ್ಕರು. ಸುಧಾ ಮೊದಲು ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಆಮೇಲೆ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ನೋಡಲು ಕೂತಿದ್ದ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೂ ನಕ್ಕರು. ಮುಂದಿನ ತಂಡಕ್ಕೆ ಅವರಲ್ಲಿ ಬಹುಪಾಲು ಮಂದಿ ಸೇರಿಕೊಂಡರು. ಚಿಕ್ಕಬಾಣಾವರದ ಮಾತು ಅಲ್ಲಿಗೇ ನಿಂತಿತು.

ಡ್ರಮ್ಮು ಈಗಲೂ ಹಜಾರದಲ್ಲೇ ಇದೆ, ಪೈಪು ಉದ್ದವಾಗಿಲ್ಲವಲ್ಲ. ರೂಟರನ್ನು ಮಾತ್ರ ಗೋಡೆಯ ಮೇಲೆ, ಡ್ರಮ್ಮಿಗಿಂತ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದ್ದೇನೆ. ವೈರುಗಳು ನೆಂಟರ ಕಣ್ಣಿಗೆ ಧಾರಾಳವಾಗಿ ಬೀಳುತ್ತವೆ. ನೀರು ತುಂಬಿದ್ದರೂ ನೆಟ್ ಹರಿಯುತ್ತದೆ, ನನ್ನ ಮಡಿಗೂ ಅದಕ್ಕೂ ಸಂಬಂಧವಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿದೆ. ಮಧ್ಯಾಹ್ನದವರೆಗೆ ಪೇಪರು ಓದುತ್ತ ಕೂರಲು ಯಾವ ಅಡ್ಡಿಯೂ ಇಲ್ಲ ಎಂದುಕೊಂಡಿದ್ದೆ. ಆದರೆ ಹಳೆಯ ಶಿಷ್ಯರು, ಆ ಸ್ನಾನದ ಪ್ರಶ್ನೆಯೇ ಕನ್ನಡಿಗರು ಮುಂಜಾನೆ ಹೇಳಿಕೊಳ್ಳುವ ಶುಭನುಡಿಯೆಂದು ಹೊಸಬರಿಗೆ ಕಲಿಸಿಬಿಟ್ಟಿದ್ದಾರೆ. ತರಗತಿ ಶುರುವಾದೊಡನೆ ಒಳಕೋಣೆಯಿಂದ ಒಕ್ಕೊರಲಿನ ಕೂಗು ಕೇಳಿಬರುತ್ತದೆ, ಸುಧಾ ತಿದ್ದುವುದಿಲ್ಲ. ಅಷ್ಟು ಶುದ್ಧ ಕನ್ನಡದಲ್ಲಿ ಅಷ್ಟು ಜನ ಕೇಳುವಾಗ ಇಲ್ಲವೆಂದು ಹೇಗೆ ಹೇಳಲಿ? ಪೇಪರು ಮಡಿಸಿಟ್ಟು, ಬಕೆಟ್ ಎತ್ತಿಕೊಂಡು, ಕರಿಯ ಡ್ರಮ್ಮಿನ ಮುಚ್ಚಳ ತೆಗೆಯುತ್ತೇನೆ.