ತಿಮ್ಮೇಶ್ ಮದುವೆಗೆ ವಿಲ್ಯಾನ್ ಅಡ್ಡಿ

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲಿನ ಮೊದಲ ಮಾಮೂಲಿ ಬೆಳಗು. ಹಾಲಿನಾಕೆ ಎಂದಿನಂತೆ ಒಂದು ಲೀಟರ್ ಅಳೆದು ಹೋಗಿದ್ದಾರೆ, ಬೇಕಿದ್ದದ್ದು ಅರ್ಧ. ಐದೂವರೆಗೆ ನಾನು ಜಗಳೂರಿನ ಹೊರವಲಯದ ಟವರ್ ಬುಡದಲ್ಲಿದ್ದೇನೆ. ಪತ್ರಿಕೆಯ ಪುರವಣಿಗೆ ಈ ಲೇಖನ ಕೊಡುವುದಾಗಿ ಮೊದಲೇ ಒಪ್ಪಿದ್ದೆ.

ನನ್ನ ಗಂಡ ಪರಮೇಶ್ ಕಳೆದ ತಿಂಗಳ ಕೊನೆಗೆ ಜ್ವರದಲ್ಲಿ ತೀರಿಕೊಂಡರು. ಅವರು ಟವರ್ ಹತ್ತಿ ಡಿಶ್ ತಿರುಗಿಸುತ್ತಿದ್ದವರು. ಕೆಳಗೆ ಕೂತು ಲ್ಯಾಪ್‌ಟಾಪ್‌ನಲ್ಲಿ ನಂಬರ್ ಹೊಡೆಯುತ್ತಿದ್ದವರು ಅವರ ಸಹೋದ್ಯೋಗಿ ತಿಮ್ಮೇಶ್.

ಮೂವತ್ನಾಲ್ಕರ ತಿಮ್ಮೇಶ್ ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಡುವಿನ ಗುಡ್ಡಗಳೂ ಸೇರಿ ಹನ್ನೊಂದು ಇಂಟರ್ನೆಟ್ ಟವರ್ ಅವರ ಪಾಲಿಗೆ. ಇಲ್ಲಿ ತಂತಿ ಇಲ್ಲ. ಒಂದು ಡಿಶ್ ಇನ್ನೊಂದರ ಮುಖ ನೋಡಿಕೊಂಡು ರೇಡಿಯೊದಲ್ಲಿ ಮಾತಾಡುತ್ತದೆ.

"ಒಂದೇ ಬಸ್ಸು ಅಂತ ತಿಳ್ಕಳ್ರಿ ಅತ್ತಿಗೆ. ಬ್ಯಾಂಕಿಂದು, ಡೇರಿದು, ಆಸ್ಪತ್ರೆದು, ಎಲ್ಲಾರ ಮೂಟೆನೂ ಅದ್ರಾಗೇ ಹೋಗ್ತವೆ. ನಾನು ಮೂಟೆ ಮ್ಯಾಲೆ ನಂಬರ್ ಬರೀತೀನಿ. ದಾರಿಯಾಗಿರೋ ಎಲ್ಲಾ ಟವರ್‌ಗೂ ಆ ನಂಬರ್ ಗೊತ್ತಿರ್ಬೇಕು. ಇಲ್ದಿದ್ರೆ ಮೂಟೆ ಅಲ್ಲೇ ಬಿತ್ತು."

ಈ ನಂಬರಿನ ದಾರಿಗೆ ಅವರ ಕಸುಬಿನಲ್ಲಿ ವಿಲ್ಯಾನ್ ಎಂದು ಹೆಸರು. ಅವರ ತಾಯಿ ಕರಿಯಕ್ಕನ ಬಾಯಲ್ಲಿ ಅದು ವಿಲನ್.

ಹಾಗೆನ್ನಲು ಕಾರಣವಿದೆ. ದೂರದ ಟವರ್‌ನಲ್ಲಿ ನಂಬರ್ ತಪ್ಪಿದರೆ ಸಂಪರ್ಕವೇ ಕಡಿದು, ಖುದ್ದು ಅಲ್ಲಿಗೇ ಓಡಬೇಕು. ಹೀಗೆ ಓಡಿದ್ದರಿಂದ ತಿಮ್ಮೇಶ್ ಎರಡು ಸಲ ಹೆಣ್ಣು ನೋಡುವ ಶಾಸ್ತ್ರ ತಪ್ಪಿಸಿಕೊಂಡಿದ್ದಾರೆ. ಎರಡನೆಯ ಹುಡುಗಿಗೆ ಈಗ ಇಬ್ಬರು ಮಕ್ಕಳು. ಮೂರನೆಯದು ಇವತ್ತು, ಪಕ್ಕದ ಹಳ್ಳಿಯಲ್ಲಿ. ಹುಡುಗಿ ಗಂಗೋತ್ರಿ, ಅತಿಥಿ ಶಿಕ್ಷಕಿ. ಶನಿವಾರವಾದ್ದರಿಂದ ಒಂಬತ್ತಕ್ಕೆ ರಾಹುಕಾಲ. ಅಷ್ಟರೊಳಗೆ ಹೋಗಬೇಕು.

ಅದಕ್ಕೆ ಮೊದಲು ನ್ಯಾಮತಿಯ ರಕ್ತಪರೀಕ್ಷೆ ಲ್ಯಾಬಿಗೆ ಹೊಸ ದಾರಿ, ನಂಬರ್ ಇನ್ನೂರ ಹದಿನಾಲ್ಕು. "ಯಾವತ್ತೂ ದೂರದ್ದು ಮೊದ್ಲು, ಹತ್ರದ್ದು ಆಮ್ಯಾಲೆ," ಎಂದು ತಿಮ್ಮೇಶ್ ನ್ಯಾಮತಿಯ ರೇಡಿಯೊದಿಂದ ಶುರುಮಾಡುತ್ತಾರೆ. ಕೀಲಿ ಒತ್ತುತ್ತಾರೆ. ಪರದೆ ನಿಂತುಬಿಡುತ್ತದೆ.

"ಅಯ್ಯಯ್ಯಪ್ಪಾ."

"ಏನಾಯ್ತು?"

"ಸೇರಿಸು ಅನ್ನೋದು ಬಿಟ್ಟೆ! ಇನ್ನೂರ ಹದಿನಾಲ್ಕೂ ಇರ್ಲಿ ಅನ್ನಾಕೆ ಹೋಗಿ, ಇನ್ನೂರ ಹದಿನಾಲ್ಕೇ ಇರ್ಲಿ ಅಂದ್ಬಿಟ್ಟೆ."

ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ. ಬ್ಯಾಂಕು, ಡೇರಿ, ಆಸ್ಪತ್ರೆ, ಜೊತೆಗೆ ತಿಮ್ಮೇಶ್ ಒಳಹೋಗುವ ದಾರಿ, ಎಲ್ಲವನ್ನೂ ಹೊರಗೆ ಹಾಕಿದೆ. ನ್ಯಾಮತಿ ಇಲ್ಲಿಂದ ನೂರು ಕಿಲೋಮೀಟರ್ ಮೇಲೆ.

"ಹತ್ತು ನಿಮಿಷ ಕಾಯಾನ ಅತ್ತಿಗೆ. ಇದು ಹೊಸಾ ರೇಡಿಯೊ. ಹತ್ತು ನಿಮಿಷದಾಗೆ ನಾನು ಒಪ್ಪಿಗೆ ಒತ್ಲಿಲ್ಲ ಅಂದ್ರೆ, ಏನೂ ಆಗೇ ಇಲ್ಲ ಅನ್ನಂಗೆ ಮೊದ್ಲಿದ್ದಂಗೇ ಆಗ್ತದೆ."

ನಾನು ಗಡಿಯಾರ ನೋಡುತ್ತೇನೆ. "ಖಾತ್ರೀನಾ?"

"ಆ ಟೈಮರ್ ಹಾಕಿದ್ರೆ ಖಾತ್ರಿ. ಹಾಕಿದ್ದು ನೆನಪೈತೆ. ನಿನ್ನೆ ಹಾಕಿದ್ದೋ ಇವತ್ತು ಹಾಕಿದ್ದೋ, ಅದು ನೆನಪಿಲ್ಲ."

ಫೋನ್ ಬಡಿದುಕೊಳ್ಳುತ್ತದೆ. ಕೈ ಬಿಡುವಿಲ್ಲದೆ ಸ್ಪೀಕರ್ ಒತ್ತುತ್ತಾರೆ. ಕರಿಯಕ್ಕ.

"ಎಲ್ಲಿದೀಯಲೇ? ನೀರು ಕಾದು ಕಾದು ಅರ್ಧ ಆತು."

"ಬಂದೆ ಕಣವ್ವ."

"ಎಲ್ಲಿಗೂ ಹೋಗಂಗಿಲ್ಲ ತಾನೆ?"

"ಹತ್ತು ನಿಮಿಷ ಬಿಟ್ಟು ಹೇಳ್ತೀನಿ."

"ಗೊತ್ತಾತು ಬಿಡು! ಆ ವಿಲನ್ನೇ ಕಟ್ಕಂಡು ಸಾಯಿ!"

ತಿಮ್ಮೇಶ್ ನನ್ನ ಕಡೆ ನೋಡಿ, ಗಡಿಬಿಡಿಯಲ್ಲಿ ಸ್ಪೀಕರ್ ಆರಿಸುತ್ತಾರೆ.

ಎಂಟು ನಿಮಿಷ. ಒಂಬತ್ತು. ಹತ್ತಾಗುತ್ತದೆ, ಏನೂ ಇಲ್ಲ. ತಿಮ್ಮೇಶ್ ಬೈಕಿನ ಕೀಲಿಯನ್ನು ಜೇಬಿನಿಂದ ತೆಗೆಯುತ್ತಾರೆ. ಹತ್ತೂವರೆ ನಿಮಿಷ. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ.

"ಬಂತು! ನ್ಯಾಮತಿ ಬಂತು ಅತ್ತಿಗೆ!"

ಈ ಸಲ "ಸೇರಿಸು, ಸೇರಿಸು" ಎಂದು ಬಾಯಲ್ಲಿ ಹೇಳುತ್ತಲೇ ಹೊಡೆಯುತ್ತಾರೆ. ಆಮೇಲೆ ಹೊನ್ನಾಳಿ, ಚನ್ನಗಿರಿ, ಗುಡ್ಡಗಳು, ಕೊನೆಗೆ ಜಗಳೂರು. ಏಳಕ್ಕೆ ದಾರಿ ಕೂಡುತ್ತದೆ. ಲ್ಯಾಬಿನ ಸಂಧ್ಯಾರಾಣಿ ಫೋನ್ ಮಾಡಿ, "ಬಂತು ಸಾರ್. ಇಷ್ಟೊತ್ತು ಏನ್ ಮಾಡ್ತಿದ್ರಿ?" ಎನ್ನುತ್ತಾರೆ. ಹತ್ತು ನಿಮಿಷ ನ್ಯಾಮತಿ ಮಾಯವಾಗಿದ್ದನ್ನು ಅವರೂ ಗಮನಿಸಿಲ್ಲ.

"ಗೊತ್ತಾಗ್ದಂಗೆ ಮಾಡೋದೇ ನಮ್ ಕೆಲ್ಸ," ಎನ್ನುತ್ತಾ ತಿಮ್ಮೇಶ್ ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಅಂಗಿಯ ಮೇಲೆ ಟವರ್‌ನ ಧೂಳು.

ನಾನು ಸ್ಕೂಟಿಯ ಸೀಟಿನ ಕೆಳಗಿಂದ ಕವರ್ ತೆಗೆದು ಕೊಡುತ್ತೇನೆ. ಒಳಗೆ ನೀಲಿ ಕೋಟು. ನಮ್ಮ ಆರತಕ್ಷತೆಗೆಂದು ಪರಮೇಶ್ ಇವರಿಂದ ಇಸಿದುಕೊಂಡದ್ದು. ನಾಲ್ಕು ವರ್ಷವಾಯಿತು.

"ಇರ್ಲಿ ಬಿಡ್ರಿ ಅತ್ತಿಗೆ."

"ನಿಮ್ದೇ ಅಲ್ವಾ. ಇಸ್ತ್ರಿ ಮಾಡ್ಸೀನಿ."

"ಹೆಣ್ಣು ನೋಡಾಕೆ ಕೋಟು ಹಾಕ್ಕಂಡು ಹೋದ್ರೆ, ಇನ್ಶೂರೆನ್ಸ್ ಮಾಡ್ಸಾಕೆ ಬಂದಾನೆ ಅನ್ಕಂತಾರೆ."

ಆದರೂ ಬೈಕಿನ ಕನ್ನಡಿ ನೋಡುತ್ತಾ ತೋಳು ಹಾಕುತ್ತಾರೆ. ಭುಜ ಸರಿಯಾಗಿದೆ. ಹೊಟ್ಟೆಯ ಹತ್ತಿರ ಗುಂಡಿ ಮುಟ್ಟುತ್ತಿಲ್ಲ.

"ಉಸಿರು ಹಿಡ್ಕಳ್ಳಿ," ಎನ್ನುತ್ತೇನೆ.

ಹಿಡಿಯುತ್ತಾರೆ. ಗುಂಡಿ ಕೂರುತ್ತದೆ. ಹಾಗೇ ಬೈಕ್ ಹತ್ತಿ ಹೊರಡುತ್ತಾರೆ.